ಬರೀ ಕೊಬ್ಬಿನ ಗಡ್ಡೆ ಅಂದಿದ್ದರು, ರಿಪೋರ್ಟಿನಲ್ಲಿ ಉದ್ದದ ಹೆಸರು ಬಂದಿದೆ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಚರ್ಮದ ಕೆಳಗಿನ ಕೊಬ್ಬಿನ ಗಡ್ಡೆಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಾಬರಿಯಿಂದ ಹುಟ್ಟಿದವು. ಗಡ್ಡೆ ತೆಗೆಯುವ ಮೊದಲು ‘ಏನಿಲ್ಲ, ಬರೀ ಕೊಬ್ಬು’ ಅಂದಿರುತ್ತಾರೆ. ಹತ್ತು ದಿನ ಬಿಟ್ಟು ಬಯಾಪ್ಸಿ ರಿಪೋರ್ಟ್ ಬಂದಾಗ ‘ಲೈಪೋಮಾ’ (ಕೊಬ್ಬಿನ ಗಡ್ಡೆ) ಪಕ್ಕದಲ್ಲಿ ಇನ್ನೊಂದು ಪದ ಕೂತಿರುತ್ತದೆ. ಈ ರಿಪೋರ್ಟ್ ಬರೆಯುವುದೇ ಪ್ಯಾಥಾಲಜಿಸ್ಟ್ ಆದ ನನ್ನ ಕೆಲಸ. ಹಾಗಾಗಿ ಅಪರೂಪದ ಬಗೆಗಳ ಪ್ರಶ್ನೆಗಳನ್ನೇ ಈ ಸಲ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ 58 ವರ್ಷ. ಕತ್ತಿನ ಹಿಂಭಾಗದಲ್ಲಿ ಕೆಲವು ವರ್ಷಗಳಿಂದ ಇದ್ದ ಗಂಟನ್ನು ತೆಗೆಸಿದೆ. ನೋವಿರಲಿಲ್ಲ, ಅಂಗಿಯ ಕಾಲರ್ ತಾಗುತ್ತಿತ್ತು ಅಷ್ಟೆ. ರಿಪೋರ್ಟಿನಲ್ಲಿ ‘ಪ್ಲಿಯೋಮಾರ್ಫಿಕ್ ಲೈಪೋಮಾ’ ಎಂದಿದೆ. ‘ವಿಚಿತ್ರ ಆಕಾರದ ದೊಡ್ಡ ಜೀವಕೋಶಗಳಿವೆ’ ಅಂತಲೂ ಬರೆದಿದ್ದಾರೆ. ಮಗಳು ಇಂಟರ್ನೆಟ್‌ನಲ್ಲಿ ಹುಡುಕಿದಾಗ ‘ಪ್ಲಿಯೋಮಾರ್ಫಿಕ್ ಲೈಪೋಸಾರ್ಕೋಮಾ’ ಎಂಬ ಕ್ಯಾನ್ಸರ್ ಸಿಕ್ಕಿತು. ಅವತ್ತಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ.

ಮೊದಲು ಮಗಳಿಗೆ ಹೇಳಿ: ನಿಮ್ಮ ರಿಪೋರ್ಟಿನಲ್ಲಿರುವುದು ಕ್ಯಾನ್ಸರ್ ಅಲ್ಲ. ಎರಡು ಹೆಸರುಗಳು ಅಕ್ಕಪಕ್ಕ ಇವೆ, ಆದರೆ ಕಾಯಿಲೆಗಳು ಬೇರೆ ಬೇರೆ.

ಪ್ಲಿಯೋಮಾರ್ಫಿಕ್ ಲೈಪೋಮಾ ಎಲ್ಲಿ ಬರುತ್ತದೆ, ಯಾರಿಗೆ ಬರುತ್ತದೆ ಅಂತ ಪುಸ್ತಕದಲ್ಲಿ ಬರೆದಿರುವುದನ್ನು ಓದಿದರೆ ನಿಮ್ಮನ್ನೇ ನೋಡಿ ಬರೆದ ಹಾಗಿದೆ. 45 ದಾಟಿದ ಗಂಡಸರು. ಕತ್ತಿನ ಹಿಂದೆ, ಭುಜದ ಮೇಲೆ ಅಥವಾ ಬೆನ್ನಿನ ಮೇಲ್ಭಾಗದಲ್ಲಿ. ಚರ್ಮದ ಕೆಳಗೇ ಇರುವ, ಅಂಚು ಸ್ಪಷ್ಟವಾದ, ನಿಧಾನಕ್ಕೆ ಬೆಳೆಯುವ ಗಂಟು. ಇದಕ್ಕೊಂದು ಜೋಡಿ ಇದೆ, ‘ಸ್ಪಿಂಡಲ್ ಸೆಲ್ ಲೈಪೋಮಾ’. ಅದನ್ನು ಎನ್‌ಜಿಂಗರ್ ಮತ್ತು ಹಾರ್ವಿ 1975ರಲ್ಲಿ ವಿವರಿಸಿದರು. ಪ್ಲಿಯೋಮಾರ್ಫಿಕ್ ಬಗೆಯನ್ನು ಶ್ಮೂಕ್ಲರ್ ಮತ್ತು ಎನ್‌ಜಿಂಗರ್ 1981ರಲ್ಲಿ ವಿವರಿಸಿದರು. ಆಮೇಲೆ ಎರಡರಲ್ಲೂ ಒಂದೇ ಜೀನ್ ದೋಷ ಕಂಡಿತು: 13ನೇ ಕ್ರೋಮೋಸೋಮಿನಲ್ಲಿರುವ ಆರ್‌ಬಿ1 ಜೀನ್ ಕಳೆದುಹೋಗಿರುತ್ತದೆ. ಹಾಗಾಗಿ ಈಗ ಇವೆರಡನ್ನೂ ಒಂದೇ ಗಡ್ಡೆಯ ಎರಡು ರೂಪ ಎಂದೇ ಎಣಿಸುತ್ತೇವೆ.

ಇನ್ನು ಆ ‘ವಿಚಿತ್ರ ಜೀವಕೋಶ’ಗಳ ವಿಷಯ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಮಾನ್ಯ ಕೊಬ್ಬಿನ ಮಧ್ಯೆ ದಪ್ಪ ದಪ್ಪ ಕೊಲಾಜೆನ್ ನಾರುಗಳು ಗುಲಾಬಿ ಬಣ್ಣಕ್ಕೆ ಹೊಳೆಯುತ್ತವೆ. ಅವುಗಳ ಆಸುಪಾಸಿನಲ್ಲಿ ದೊಡ್ಡ ಕೋಶಗಳಿರುತ್ತವೆ. ಒಂದೊಂದರಲ್ಲೂ ಹಲವು ಕಪ್ಪು ನ್ಯೂಕ್ಲಿಯಸ್‌ಗಳು ಹೂವಿನ ಎಸಳುಗಳಂತೆ ಸುತ್ತ ಜೋಡಿಸಿಕೊಂಡಿರುತ್ತವೆ. ಇವನ್ನು ‘ಫ್ಲೋರೆಟ್’ ಕೋಶಗಳು ಅನ್ನುತ್ತೇವೆ. ನೋಡಿದರೆ ಭಯವಾಗುವಂಥವೇ. 1981ಕ್ಕೆ ಮೊದಲು ಇಂಥ ಎಷ್ಟೋ ಗಡ್ಡೆಗಳಿಗೆ ಲೈಪೋಸಾರ್ಕೋಮಾ ಎಂಬ ಹಣೆಪಟ್ಟಿ ಬಿದ್ದಿತ್ತು. ಆದರೆ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದಾಗ ಗಡ್ಡೆ ಎಲ್ಲಿಗೂ ಹರಡಿರಲಿಲ್ಲ, ತೆಗೆದ ಜಾಗದಲ್ಲಿ ಮತ್ತೆ ಬಂದದ್ದೂ ಬಹಳ ಅಪರೂಪ.

ಕೊಬ್ಬಿನ ಗಡ್ಡೆಗಳಲ್ಲಿ ನಾನು ಎಲ್ಲರಿಗೂ ಒತ್ತಿ ಹೇಳುವುದು ಇದನ್ನೇ. ಕೋಶದ ರೂಪ ನೋಡಿ ಗಡ್ಡೆಯ ಗುಣ ಹೇಳಲಾಗದು. ಇಲ್ಲಿ ರೂಪ ಒರಟು, ಗುಣ ಸಾಧು. ತೊಡೆಯ ಆಳದಲ್ಲಿ ಬರುವ ಇನ್ನೊಂದು ಬಗೆ ನೋಡಲು ಸಾಧು, ಬುಡ ಬಿಡದ ಗುಣ. ಅದರ ಬಗ್ಗೆ ಮುಂದಿನ ಪ್ರಶ್ನೆ ಇದೆ.

ಮಗಳಿಗೆ ಸಿಕ್ಕ ಪ್ಲಿಯೋಮಾರ್ಫಿಕ್ ಲೈಪೋಸಾರ್ಕೋಮಾ ನಿಜಕ್ಕೂ ಕೆಟ್ಟ ಕಾಯಿಲೆ. ಆದರೆ ಅದು ಸಾಮಾನ್ಯವಾಗಿ ಕೈಕಾಲುಗಳ ಸ್ನಾಯುವಿನ ಆಳದಲ್ಲಿ ಬರುತ್ತದೆ, ಬೇಗ ಬೇಗ ಬೆಳೆಯುತ್ತದೆ, ಶ್ವಾಸಕೋಶಕ್ಕೆ ಹರಡುತ್ತದೆ. ವರ್ಷಗಟ್ಟಲೆ ಕಾಲರಿಗೆ ತಾಗುತ್ತಾ ಸುಮ್ನೆ ಕೂತಿರುವ ಗಂಟಿನ ಸ್ವಭಾವ ಅದರದ್ದಲ್ಲ. ನಿಮಗೆ ಇನ್ನೊಂದು ಆಪರೇಷನ್ ಬೇಡ, ಕೀಮೋ ಬೇಡ, ಪದೇ ಪದೇ ಸ್ಕ್ಯಾನಿಂಗ್ ಬೇಡ. ಆ ಜಾಗದಲ್ಲಿ ಮತ್ತೆ ಗಂಟು ಕೈಗೆ ಸಿಕ್ಕರೆ ತೋರಿಸಿ, ಅಷ್ಟು ಸಾಕು. ರಿಪೋರ್ಟನ್ನು ಮಾತ್ರ ಜೋಪಾನವಾಗಿ ಇಡಿ.

ಪ್ರಶ್ನೆ: ಅಮ್ಮನಿಗೆ 63. ತೊಡೆಯ ಒಳಗೆ 14 ಸೆಂಟಿಮೀಟರಿನ ಗಡ್ಡೆ ಇದೆ. ನೋವಿಲ್ಲ. ಎಂಆರ್‌ಐ ಆಯಿತು, ಸೂಜಿ ಹಾಕಿ ಬಯಾಪ್ಸಿ ತೆಗೆದರು. ಒಬ್ಬ ಡಾಕ್ಟರು ‘ಅಟಿಪಿಕಲ್ ಲೈಪೋಮ್ಯಾಟಸ್ ಟ್ಯೂಮರ್’ ಅಂತಾರೆ. ಇನ್ನೊಬ್ಬರು ‘ವೆಲ್ ಡಿಫರೆನ್ಶಿಯೇಟೆಡ್ ಲೈಪೋಸಾರ್ಕೋಮಾ’ ಅಂತಾರೆ. ಯಾರನ್ನು ನಂಬಬೇಕು? ಸೂಜಿ ಹಾಕಿದ್ದರಿಂದ ಹರಡಿಬಿಟ್ಟರೆ?

ಇಬ್ಬರೂ ಹೇಳಿದ್ದು ಒಂದೇ ಗಡ್ಡೆಯನ್ನು. ಅದಕ್ಕೆ ಎರಡು ಹೆಸರು ಯಾಕೆ ಬಂತು ಅಂತ ತಿಳಿದುಕೊಂಡರೆ ಅಮ್ಮನ ಸ್ಥಿತಿಯೂ ಅರ್ಥವಾಗುತ್ತದೆ.

ಈ ಗಡ್ಡೆ ನೋಡಲು ಹೆಚ್ಚುಕಮ್ಮಿ ಮಾಮೂಲಿ ಕೊಬ್ಬಿನ ಹಾಗೆಯೇ ಇರುತ್ತದೆ. ಸ್ಲೈಡಿನಲ್ಲಿ ತಾಳ್ಮೆಯಿಂದ ಹುಡುಕಬೇಕು. ಕೊಬ್ಬಿನ ಮಧ್ಯೆ ಹಾದುಹೋಗುವ ನಾರಿನ ಪಟ್ಟಿಗಳಲ್ಲಿ ಅಲ್ಲೊಂದು ಇಲ್ಲೊಂದು ದೊಡ್ಡ ಕಪ್ಪು ನ್ಯೂಕ್ಲಿಯಸ್ ಸಿಗುತ್ತದೆ. ಕೆಲವೊಮ್ಮೆ ಸೂಜಿಯಲ್ಲಿ ಬಂದ ಚೂರಿನಲ್ಲಿ ಅದೂ ಸಿಗುವುದಿಲ್ಲ. ಆಗ ಜೀನ್ ಪರೀಕ್ಷೆ ಕೈ ಹಿಡಿಯುತ್ತದೆ. ಈ ಗಡ್ಡೆಯ ಕೋಶಗಳಲ್ಲಿ 12ನೇ ಕ್ರೋಮೋಸೋಮಿನ ಒಂದು ತುಂಡು ಅನೇಕ ಪ್ರತಿಗಳಾಗಿ ಹೆಚ್ಚಿರುತ್ತದೆ. ಆ ತುಂಡಿನಲ್ಲಿ ಎಂಡಿಎಂ2 ಮತ್ತು ಸಿಡಿಕೆ4 ಎಂಬ ಜೀನ್‌ಗಳಿವೆ. ಫಿಶ್ ಎಂಬ ಪರೀಕ್ಷೆಯಲ್ಲಿ ಎಂಡಿಎಂ2 ಜೀನಿಗೆ ಬಣ್ಣದ ಗುರುತು ಹಾಕುತ್ತೇವೆ. ಮಾಮೂಲಿ ಕೋಶದಲ್ಲಿ ಎರಡು ಚುಕ್ಕೆ ಕಾಣಬೇಕು. ಇಲ್ಲಿ ಚುಕ್ಕೆಗಳು ಎಣಿಸಲಾಗದಷ್ಟು ಗುಂಪಾಗಿರುತ್ತವೆ. ಒಮ್ಮೆ ಹಾಗೆ ಕಂಡರೆ ‘ಇದು ಬರೀ ಲೈಪೋಮಾನಾ?’ ಎಂಬ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ. ಅಮ್ಮನ ಬಯಾಪ್ಸಿಯಲ್ಲಿ ಈ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಆಗಿಲ್ಲದಿದ್ದರೆ ಬಯಾಪ್ಸಿಯ ಚೂರನ್ನು ಮೇಣದಲ್ಲಿ ಕೂರಿಸಿಟ್ಟ ಅದೇ ಪ್ಯಾರಾಫಿನ್ ಬ್ಲಾಕಿನಿಂದ ಮಾಡಿಸಬಹುದು, ಸಾಮಾನ್ಯವಾಗಿ ಮತ್ತೆ ಚುಚ್ಚಬೇಕಾಗಿಲ್ಲ.

ಈಗ ಹೆಸರಿನ ವಿಚಾರ. ಇದೇ ಗಡ್ಡೆ ಹೊಟ್ಟೆಯ ಹಿಂಭಾಗದಲ್ಲಿ, ಮೂತ್ರಪಿಂಡದ ಸುತ್ತಮುತ್ತ ಬಂದರೆ ಪೂರ್ತಿ ತೆಗೆಯುವುದು ಬಹಳ ಕಷ್ಟ. ಮತ್ತೆ ಮತ್ತೆ ಬರುತ್ತದೆ, ಜೀವಕ್ಕೂ ಅಪಾಯ. ಕೈಕಾಲಿನಲ್ಲಿ ಬಂದರೆ ಸರ್ಜನ್ ಕೈಗೆ ಸಿಗುವ ಜಾಗ, ಪೂರ್ತಿ ತೆಗೆಯಬಹುದು. ಕೈಕಾಲಿನ ರೋಗಿಗಳಿಗೆ ‘ಸಾರ್ಕೋಮಾ’ ಎಂಬ ಪದ ಹೇಳಿ ಕಾಯಿಲೆಗಿಂತ ದೊಡ್ಡ ಶಸ್ತ್ರಚಿಕಿತ್ಸೆಗೆ ದೂಡುವುದು ಸರಿಯಲ್ಲ ಎಂಬ ಮಾತು ಬಂತು. 1979ರಲ್ಲಿ ಇವಾನ್ಸ್ ಮತ್ತು ಸಂಗಡಿಗರು ಇಂಥ ಜಾಗದ ಗಡ್ಡೆಗಳಿಗೆ ‘ಅಟಿಪಿಕಲ್ ಲೈಪೋಮಾ’ ಎಂದು ಹೇಳಿದರು. ಅಲ್ಲಿಂದ ಮುಂದೆ ಕೈಕಾಲಿನಲ್ಲಿದ್ದರೆ ಅಟಿಪಿಕಲ್ ಲೈಪೋಮ್ಯಾಟಸ್ ಟ್ಯೂಮರ್, ಹೊಟ್ಟೆಯ ಹಿಂಭಾಗದಲ್ಲಿದ್ದರೆ ವೆಲ್ ಡಿಫರೆನ್ಶಿಯೇಟೆಡ್ ಲೈಪೋಸಾರ್ಕೋಮಾ ಎಂಬ ರೂಢಿ ಬಂತು. ಕೋಶ ಅದೇ, ಜೀನ್ ಅದೇ, ಜಾಗ ಬೇರೆ. ಜಾಗವೇ ಇಲ್ಲಿ ಹಣೆಬರಹ ಬರೆಯುವುದು. ಅಮ್ಮನಿಗೆ ಮೊದಲನೆಯ ಹೆಸರೇ ಸರಿಹೊಂದುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಕೊಬ್ಬಿನ ಗಡ್ಡೆಗಳಿಗೆ ಮೂರು ಗುಂಪು. ಒಂದು, ನಿರಪಾಯದವು: ಮಾಮೂಲಿ ಲೈಪೋಮಾ, ಆಂಜಿಯೋಲೈಪೋಮಾ, ಹೈಬರ್ನೋಮಾ, ಸ್ಪಿಂಡಲ್ ಸೆಲ್ ಲೈಪೋಮಾ ಇತ್ಯಾದಿ. ಎರಡು, ಇದ್ದ ಜಾಗದಲ್ಲೇ ಕಾಡುವ, ಬೇರೆ ಕಡೆ ಹರಡದ ಮಧ್ಯದ ಗುಂಪು. ಮೂರು, ಕ್ಯಾನ್ಸರ್. ಅಮ್ಮನ ಗಡ್ಡೆ ಮಧ್ಯದ ಗುಂಪಿನದು. ತಾನು ಇರುವ ಹಾಗೇ ಇದ್ದರೆ ಅದು ಬೇರೆ ಅಂಗಕ್ಕೆ ಹರಡುವುದಿಲ್ಲ. ಆದರೆ ಸ್ವಲ್ಪ ಉಳಿದರೂ ಮತ್ತೆ ಬೆಳೆಯುತ್ತದೆ, ಕೆಲವೊಮ್ಮೆ ಹತ್ತು ವರ್ಷ ಕಳೆದ ಮೇಲೂ.

ಒಂದು ಎಚ್ಚರಿಕೆಯನ್ನು ಮುಚ್ಚಿಡಬಾರದು. ಕೆಲವರಲ್ಲಿ ಈ ಗಡ್ಡೆಯ ಒಂದು ಭಾಗ ಸ್ವಭಾವ ಬದಲಿಸಿ ‘ಡಿಡಿಫರೆನ್ಶಿಯೇಟೆಡ್’ ಲೈಪೋಸಾರ್ಕೋಮಾ ಆಗುತ್ತದೆ. ಅದು ಹರಡಬಲ್ಲ ಕ್ಯಾನ್ಸರ್. ಹೊಟ್ಟೆಯ ಹಿಂಭಾಗದಲ್ಲಿ ಈ ಅಪಾಯ ನೂರಕ್ಕೆ 20ಕ್ಕಿಂತ ಜಾಸ್ತಿ. ಕೈಕಾಲಿನಲ್ಲಿ ನೂರಕ್ಕೆ 2ಕ್ಕಿಂತ ಕಮ್ಮಿ. ಹಾಗಾಗಿ ಎಂಆರ್‌ಐನಲ್ಲಿ ಕೊಬ್ಬಲ್ಲದ ಗಟ್ಟಿ ಭಾಗ ಏನಾದರೂ ಕಂಡಿದೆಯೇ, ಕಂಡಿದ್ದರೆ ಸೂಜಿ ಆ ಭಾಗಕ್ಕೇ ಹೋಗಿತ್ತೇ ಅಂತ ಡಾಕ್ಟರನ್ನು ಕೇಳಿ. ಒಳ್ಳೆಯ ಪ್ರಶ್ನೆ ಅದು. ಯಾವ ಡಾಕ್ಟರೂ ಬೇಸರಿಸಿಕೊಳ್ಳುವುದಿಲ್ಲ.

ಸೂಜಿಯ ಭಯ ಬಿಡಿ. ದಪ್ಪ ಸೂಜಿಯ ಬಯಾಪ್ಸಿಯನ್ನು ಆಪರೇಷನ್ ಮಾಡುವ ತಂಡದ ಜೊತೆ ಮಾತಾಡಿ, ಮುಂದೆ ಕುಯ್ಯುವ ದಾರಿಯಲ್ಲೇ ಹಾಕುತ್ತಾರೆ. ನನ್ನ ಭಯವೆಲ್ಲ ಅದರ ಉಲ್ಟಾ ಕೆಲಸದ ಬಗ್ಗೆ. ಆಳದ ದೊಡ್ಡ ಗಡ್ಡೆಯನ್ನು ಪರೀಕ್ಷೆಯೇ ಮಾಡದೆ ‘ಲೈಪೋಮಾ ಇರಬೇಕು’ ಅಂತ ತೆಗೆದುಬಿಟ್ಟು, ಆಮೇಲೆ ರಿಪೋರ್ಟಿನಲ್ಲಿ ಬೇರೆ ಏನೋ ಬಂದರೆ, ಉಳಿದದ್ದನ್ನು ತೆಗೆಯಲು ಮತ್ತೆ ದೊಡ್ಡ ಆಪರೇಷನ್ ಬೇಕಾಗುತ್ತದೆ. ನಿಮ್ಮ ಅಮ್ಮನಿಗೆ ಕ್ರಮ ಸರಿಯಾಗಿ ನಡೆದಿದೆ. ಮೃದು ಅಂಗಾಂಶದ ಗಡ್ಡೆಗಳನ್ನು ಹೆಚ್ಚಾಗಿ ನೋಡುವ ಸರ್ಜನ್ ಹತ್ತಿರ ಆಪರೇಷನ್ ಮಾಡಿಸಿ. ಮುಖ್ಯ ನರ, ರಕ್ತನಾಳಗಳನ್ನು ಉಳಿಸಿಕೊಂಡು ಗಡ್ಡೆಯನ್ನು ಇಡಿಯಾಗಿ ತೆಗೆದರೆ ಸಾಕಾಗುತ್ತದೆ. ಕಾಲಿಗೆ ಕುತ್ತು ತರುವಂಥ ಆಪರೇಷನ್ ಇದಕ್ಕೆ ಬೇಡ.

ಪ್ರಶ್ನೆ: ನನಗೆ 24. ಎರಡೂ ಮುಂಗೈಗಳಲ್ಲಿ ಬಟಾಣಿ ಗಾತ್ರದ ಏಳೆಂಟು ಗಂಟುಗಳಿವೆ. ಒತ್ತಿದರೆ ಚುರ್ ಅನ್ನುತ್ತದೆ. ಲೈಪೋಮಾ ನೋಯಲ್ಲ ಅಂತಾರಲ್ವಾ?

ಮಾಮೂಲಿ ಲೈಪೋಮಾ ಸಾಧಾರಣವಾಗಿ ನೋಯುವುದಿಲ್ಲ. ನಿಮ್ಮ ವಯಸ್ಸು, ಜಾಗ, ಗಾತ್ರ, ಸಂಖ್ಯೆ, ನೋವು ಎಲ್ಲವೂ ಆಂಜಿಯೋಲೈಪೋಮಾ ಕಡೆ ಬೆರಳು ತೋರಿಸುತ್ತವೆ. ಕೊಬ್ಬಿನ ಜೊತೆ ಸಣ್ಣ ಸಣ್ಣ ರಕ್ತನಾಳಗಳು ಗುಂಪುಗುಂಪಾಗಿ ಬೆಳೆದ ಗಂಟು ಇದು. ಸ್ಲೈಡಿನಲ್ಲಿ ಆ ನಾಳಗಳ ಒಳಗೆ ಗುಲಾಬಿ ಬಣ್ಣದ ಫೈಬ್ರಿನ್ (ಹೆಪ್ಪುಗಟ್ಟಿದ ರಕ್ತದ ನಾರು) ಬಿರಡೆಗಳು ಸಿಕ್ಕಿಕೊಂಡಿರುವುದು ಕಾಣುತ್ತದೆ. ಇವನ್ನೇ ರಿಪೋರ್ಟಿನಲ್ಲಿ ‘ಥ್ರಾಂಬೈ’ ಎಂದಿದ್ದರೆ ಹೆದರಬೇಡಿ. ಕಾಲಿನ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ.

ಇದು ಕ್ಯಾನ್ಸರ್ ಆಗುವುದಿಲ್ಲ. ತೆಗೆದದ್ದು ಅಲ್ಲೇ ಮತ್ತೆ ಬರುವುದಿಲ್ಲ. ಪಕ್ಕದಲ್ಲಿ ಹೊಸದು ಬರಬಹುದು, ಅದನ್ನು ಹಳೆಯದೇ ಹರಡಿತು ಅಂತ ತಪ್ಪು ತಿಳಿಯಬೇಡಿ. ಕೆಲವು ಮನೆತನಗಳಲ್ಲಿ ಹಲವರಿಗೆ ಇರುತ್ತದೆ. ಹೆಚ್ಚು ನೋಯುವ ಒಂದೆರಡನ್ನು ತೆಗೆಸಿ, ಉಳಿದವನ್ನು ಬಿಡಿ. ಮೊದಲ ಗಂಟನ್ನು ಮಾತ್ರ ತಪ್ಪದೆ ಪರೀಕ್ಷೆಗೆ ಕಳಿಸಿ. ಒತ್ತಿದರೆ ನೋಯುವ ಸಣ್ಣ ಗಂಟು ಅಂದರೆ ನರದ ಗಡ್ಡೆ, ಬೆವರುಗ್ರಂಥಿಯ ಗಡ್ಡೆ, ಗ್ಲೋಮಸ್ ಗಡ್ಡೆ ಯಾವುದೂ ಇರಬಹುದು. ಕೈಯಿಂದ ಮುಟ್ಟಿ ನೋಡಿ ಬೇರ್ಪಡಿಸುವುದು ಕಷ್ಟ.

ಪ್ರಶ್ನೆ: ಒಂದೂವರೆ ವರ್ಷದ ಮಗನ ಬೆನ್ನಿನ ಮೇಲೆ ಗಡ್ಡೆ ಬೇಗ ಬೆಳೆಯಿತು. ತೆಗೆದ ಮೇಲೆ ‘ಲೈಪೋಬ್ಲಾಸ್ಟೋಮಾ’ ಅಂದರು. ‘ಬ್ಲಾಸ್ಟೋಮಾ’ ಅಂದರೆ ಮಕ್ಕಳ ಕ್ಯಾನ್ಸರ್ ಅಲ್ವಾ ಡಾಕ್ಟ್ರೇ?

ಕೆಲವು ಮಕ್ಕಳ ಕ್ಯಾನ್ಸರ್‌ಗಳ ಹೆಸರು ಹಾಗೆ ಮುಗಿಯುತ್ತದೆ ನಿಜ. ಇದು ಅವುಗಳಲ್ಲಿ ಒಂದಲ್ಲ.

ಮೂರು ವರ್ಷದೊಳಗಿನ ಮಕ್ಕಳಲ್ಲೇ ಹೆಚ್ಚಾಗಿ ಕಾಣುವ, ಇನ್ನೂ ಬಲಿಯದ ಕೊಬ್ಬಿನ ಗಡ್ಡೆ ಇದು. ಬೆಳೆಯುವ ವೇಗ ನೋಡಿ ಅಪ್ಪ ಅಮ್ಮ ಹೆದರುವುದು ಸಹಜ. ಆದರೆ ಇದು ಬೇರೆ ಕಡೆಗೆ ಹರಡುವುದಿಲ್ಲ. ಕೆಲವೊಮ್ಮೆ ದಿನ ಕಳೆದಂತೆ ತಾನಾಗಿ ಬಲಿತು ಮಾಮೂಲಿ ಲೈಪೋಮಾದಂತೆ ಆಗಿಬಿಡುತ್ತದೆ. ಕೆಲವು ಸ್ಲೈಡುಗಳಲ್ಲಿ ಮಿಕ್ಸಾಯ್ಡ್ ಲೈಪೋಸಾರ್ಕೋಮಾ ಎಂಬ ಕ್ಯಾನ್ಸರಿನ ಹೋಲಿಕೆ ಇರುತ್ತದೆ, ಅದಕ್ಕೇ ಜೀನ್ ಪರೀಕ್ಷೆ ಉಪಯೋಗಕ್ಕೆ ಬರುವುದು. ಲೈಪೋಬ್ಲಾಸ್ಟೋಮಾದಲ್ಲಿ 8ನೇ ಕ್ರೋಮೋಸೋಮಿನ ಪಿಎಲ್‌ಎಜಿ1 ಜೀನ್ ಕೆಟ್ಟಿರುತ್ತದೆ. ಆ ಕ್ಯಾನ್ಸರಿನಲ್ಲಿ ಡಿಡಿಐಟಿ3 ಎಂಬ ಬೇರೆಯೇ ಜೀನ್ ಮುರಿದು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಇಷ್ಟು ಚಿಕ್ಕ ಮಕ್ಕಳಲ್ಲಿ ಲೈಪೋಸಾರ್ಕೋಮಾ ಅತ್ಯಂತ ವಿರಳ.

ರಿಪೋರ್ಟಿನಲ್ಲಿ ಎರಡು ವಿಷಯ ನೋಡಿ. ಗಡ್ಡೆಗೆ ಸುತ್ತ ಸ್ಪಷ್ಟ ಪೊರೆ ಇತ್ತೋ, ಅಥವಾ ಸ್ನಾಯುವಿನೊಳಗೆ ಹೊಕ್ಕಿತ್ತೋ? ಪೂರ್ತಿ ಬಂದಿದೆಯೋ, ಸ್ವಲ್ಪ ಉಳಿದಿದೆಯೋ? ಪೊರೆ ಇಲ್ಲದೆ ಹಬ್ಬಿದ ಬಗೆ, ಅರೆಬರೆ ತೆಗೆದ ಬಗೆ ಮತ್ತೆ ಬರುತ್ತದೆ. ಬಂದರೂ ಅದೇ ಸಾಧು ಗಡ್ಡೆಯಾಗಿಯೇ ಬರುತ್ತದೆ. ಕೆಲವು ವರ್ಷ ಮಕ್ಕಳ ಸರ್ಜನ್ ಹತ್ತಿರ ಕ್ರಮವಾಗಿ ತೋರಿಸುತ್ತಿರಿ.

ಬೇರೆ ಅಪ್ಪ ಅಮ್ಮಂದಿರಿಗೂ ಇದೇ ಜಾಗದಲ್ಲಿ ಒಂದು ಮಾತು. ಹುಟ್ಟಿದ ಮಗುವಿನ ಸೊಂಟದ ನಟ್ಟನಡುವೆ, ಬೆನ್ನುಮೂಳೆಯ ಮೇಲೆ ಮೆತ್ತನೆಯ ಕೊಬ್ಬಿನ ಉಬ್ಬು ಕಂಡರೆ ಅದನ್ನು ಚರ್ಮದ ಗಂಟು ಅಂತ ತೆಗೆಸಲು ಹೋಗಬೇಡಿ. ಅದು ಒಳಗಿನ ಬೆನ್ನುಹುರಿಗೆ ಅಂಟಿಕೊಂಡಿರಬಹುದು. ಮೊದಲು ಬೆನ್ನುಹುರಿಯ ಸ್ಕ್ಯಾನ್ ಆಗಲೇಬೇಕು.

ಪ್ರಶ್ನೆ: ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿದ ಮೇಲೆ ಪೆಟ್ ಸ್ಕ್ಯಾನ್ ಮಾಡಿಸಿದೆ. ತೊಡೆಯಲ್ಲಿ ಒಂದು ಜಾಗ ಜೋರಾಗಿ ಬೆಳಗಿತು. ಕ್ಯಾನ್ಸರ್ ಹರಡಿದೆ ಅಂತ ನಾವೆಲ್ಲ ಕುಸಿದು ಹೋದೆವು. ಬಯಾಪ್ಸಿಯಲ್ಲಿ ‘ಹೈಬರ್ನೋಮಾ’ ಬಂದಿದೆ. ನಂಬಬಹುದಾ?

ನಂಬಬಹುದು. ಇಂಥ ಪತ್ರಕ್ಕೆ ಇಂಥ ಉತ್ತರ ಬರೆಯಲು ಸಿಕ್ಕಿದ್ದು ನನಗೆ ತುಂಬಾ ಸಮಾಧಾನ.

ನಮ್ಮ ಮೈಯಲ್ಲಿ ಎರಡು ಥರದ ಕೊಬ್ಬಿದೆ. ಬಿಳಿ ಕೊಬ್ಬು ಶಕ್ತಿಯನ್ನು ಕೂಡಿಡುತ್ತದೆ. ಕಂದು ಕೊಬ್ಬು ಶಕ್ತಿಯನ್ನು ಉರಿಸಿ ಶಾಖ ಮಾಡುತ್ತದೆ. ಎಳೆ ಮಕ್ಕಳಲ್ಲಿ ಜಾಸ್ತಿ, ದೊಡ್ಡವರಲ್ಲಿ ಕಮ್ಮಿ. ಈ ಕಂದು ಕೊಬ್ಬಿನ ಗಡ್ಡೆಯೇ ಹೈಬರ್ನೋಮಾ. ಚಳಿಗಾಲದಲ್ಲಿ ದೀರ್ಘ ನಿದ್ದೆಗೆ ಹೋಗುವ ಪ್ರಾಣಿಗಳ ಕಂದು ಕೊಬ್ಬನ್ನು ಹೋಲುತ್ತದೆಂದು 1914ರಲ್ಲಿ ಗೆರಿ ಈ ಹೆಸರು ಕೊಟ್ಟರು. ಪೆಟ್ ಸ್ಕ್ಯಾನಿನಲ್ಲಿ ಬೆಳಗುವುದು ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುವ ಜಾಗ. ಕ್ಯಾನ್ಸರ್ ಎಳೆದುಕೊಳ್ಳುತ್ತದೆ, ಕಂದು ಕೊಬ್ಬೂ ಎಳೆದುಕೊಳ್ಳುತ್ತದೆ. ಯಂತ್ರಕ್ಕೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕುಯ್ದ ಗಡ್ಡೆ ಬರಿಗಣ್ಣಿಗೇ ಕಂದುಬಣ್ಣಕ್ಕೆ ಕಾಣುತ್ತದೆ. ಮೈಕ್ರೋಸ್ಕೋಪಿನಲ್ಲಿ ಒಂದೊಂದು ಕೋಶದಲ್ಲೂ ಒಂದೇ ದೊಡ್ಡ ಕೊಬ್ಬಿನ ಹನಿ ಬದಲು ಹತ್ತಾರು ಸಣ್ಣ ಹನಿಗಳು, ನಡುವೆ ಪುಟ್ಟ ನ್ಯೂಕ್ಲಿಯಸ್. ಸ್ತನ ಕ್ಯಾನ್ಸರಿನ ಕೋಶಕ್ಕೂ ಇದಕ್ಕೂ ಯಾವ ಹೋಲಿಕೆಯೂ ಇಲ್ಲ, ಗೊಂದಲಕ್ಕೆ ಆಸ್ಪದವೇ ಇಲ್ಲ. ಹೈಬರ್ನೋಮಾ ಹರಡುವುದಿಲ್ಲ, ಪೂರ್ತಿ ತೆಗೆದರೆ ಮತ್ತೆ ಬರುವುದಿಲ್ಲ. ತೆಗೆಸಬೇಕಾ ಬೇಡವಾ ಅಂತ ಆತುರವಿಲ್ಲದೆ ಯೋಚಿಸಿ. ತೊಂದರೆ ಕೊಡುತ್ತಿಲ್ಲ, ಬಯಾಪ್ಸಿಯೂ ಸ್ಪಷ್ಟವಾಗಿದೆ ಅಂದರೆ ಬಿಡಬಹುದು. ಬಿಟ್ಟರೆ ಮುಂದಿನ ಪ್ರತಿ ಸ್ಕ್ಯಾನಿನಲ್ಲೂ ಅದು ಬೆಳಗುತ್ತದೆ. ಹೊಸ ಡಾಕ್ಟರಿಗೆ ಈ ರಿಪೋರ್ಟ್ ಮೊದಲೇ ತೋರಿಸಿಬಿಡಿ.

ಪ್ರಶ್ನೆ: ಕಾಲಿನ ಹೆಬ್ಬೆರಳ ಹತ್ತಿರದ ಗಂಟು ತೆಗೆದಾಗ ‘ಅಟಿಪಿಕಲ್ ಸ್ಪಿಂಡಲ್ ಸೆಲ್/ಪ್ಲಿಯೋಮಾರ್ಫಿಕ್ ಲೈಪೋಮ್ಯಾಟಸ್ ಟ್ಯೂಮರ್’ ಅಂತ ಬಂತು. ತೆಗೆದ ತುಂಡಿನ ಅಂಚಿನವರೆಗೂ ಗಡ್ಡೆ ಇದೆ ಅಂತಲೂ ಇದೆ. ಸರ್ಜನ್ ಈ ಹೆಸರೇ ಕೇಳಿಲ್ಲ ಅಂದರು.

ಕೇಳದಿರುವುದರಲ್ಲಿ ತಪ್ಪಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಈ ಹೆಸರಿಗೆ ಪ್ರತ್ಯೇಕ ಜಾಗ ಸಿಕ್ಕಿದ್ದೇ 2020ರ ಆವೃತ್ತಿಯಲ್ಲಿ. ಹೆಸರು ಮೊದಲ ಎರಡು ಪ್ರಶ್ನೆಗಳ ಗಡ್ಡೆಗಳನ್ನು ಸೇರಿಸಿ ಮಾಡಿದ ಹಾಗಿದೆ, ಆದರೆ ಇದು ಸ್ವತಂತ್ರ ಬಗೆ. ಕೈ, ಕಾಲು, ಪಾದಗಳಲ್ಲಿ ಜಾಸ್ತಿ. ಅಂಚು ಅಸ್ಪಷ್ಟ. ಎಂಡಿಎಂ2 ಹೆಚ್ಚಿರುವುದಿಲ್ಲ, ಹಾಗಾಗಿ ತೊಡೆಯ ಆ ಗಡ್ಡೆಯಂತೆ ಸ್ವಭಾವ ಬದಲಿಸುವ ಭಯವಿಲ್ಲ. ವರ್ಗೀಕರಣದಲ್ಲಿ ಇದನ್ನು ನಿರಪಾಯದ ಗುಂಪಿಗೇ ಸೇರಿಸಿದ್ದಾರೆ. ಆದರೆ ಅರೆಬರೆ ತೆಗೆದಾಗ ಕೆಲವರಲ್ಲಿ ಅಲ್ಲೇ ಮತ್ತೆ ಬರುತ್ತದೆ. ನಿಮ್ಮ ಗಡ್ಡೆ ಅಂಚಿನವರೆಗೂ ಇರುವುದರಿಂದ, ಬೆರಳಿನ ಕೆಲಸಕ್ಕೆ ಧಕ್ಕೆಯಾಗದೆ ಇನ್ನಷ್ಟು ತೆಗೆಯಲು ಸಾಧ್ಯವೇ ಎಂದು ಸರ್ಜನ್ ಜೊತೆ ಮಾತಾಡಿ. ಸಾಧ್ಯವಿಲ್ಲದಿದ್ದರೆ ಗಮನದಲ್ಲಿಟ್ಟುಕೊಂಡು ಕಾಯುವುದೂ ಸರಿಯಾದ ದಾರಿಯೇ. ಸಂದೇಹವಿದ್ದರೆ ಸ್ಲೈಡ್ ಮತ್ತು ಬ್ಲಾಕ್ ಪಡೆದು ಮೃದು ಅಂಗಾಂಶದ ಪ್ಯಾಥಾಲಜಿ ನೋಡುವವರಿಂದ ಎರಡನೇ ಅಭಿಪ್ರಾಯ ತೆಗೆದುಕೊಳ್ಳಿ.

ಪ್ರಶ್ನೆ: ತೂಕ ಇಳಿಸಿದರೆ ಲೈಪೋಮಾ ಕರಗುತ್ತಾ? ಬಿಟ್ಟರೆ ಕ್ಯಾನ್ಸರ್ ಆಗುತ್ತಾ?

ಕರಗುವುದಿಲ್ಲ. ತೂಕ ಇಳಿದಾಗ ಸುತ್ತಲಿನ ಕೊಬ್ಬು ಕಮ್ಮಿಯಾಗಿ ಗಂಟು ಇನ್ನಷ್ಟು ಎದ್ದು ಕಾಣಬಹುದು. ತಿಕ್ಕುವುದು, ಹಿಸುಕುವುದು ಪ್ರಯೋಜನವಿಲ್ಲ.

ಮಾಮೂಲಿ ಲೈಪೋಮಾ ಕ್ಯಾನ್ಸರಾಗಿ ಬದಲಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ‘ಲೈಪೋಮಾ ಕ್ಯಾನ್ಸರ್ ಆಯಿತಂತೆ’ ಎಂಬ ಕಥೆಗಳಲ್ಲಿ ಸಾಮಾನ್ಯವಾಗಿ ಅದು ಮೊದಲಿನಿಂದಲೂ ಬೇರೆ ಗಡ್ಡೆಯೇ ಆಗಿರುತ್ತದೆ, ಪರೀಕ್ಷೆ ಆಗಿರುವುದಿಲ್ಲ. ಆದ್ದರಿಂದ ಯಾವ ಗಂಟನ್ನು ಬಿಡಬಹುದು, ಯಾವುದನ್ನು ತೋರಿಸಬೇಕು ಅಂತ ತಿಳಿದಿರಲಿ. ಚರ್ಮದ ಕೆಳಗೇ ಜಾರುವ, ಮೆತ್ತನೆಯ, ವರ್ಷಗಳಿಂದ ಅಷ್ಟೇ ಇರುವ ಸಣ್ಣ ಗಂಟನ್ನು ಡಾಕ್ಟರ್ ಒಮ್ಮೆ ನೋಡಿದ್ದರೆ ಬಿಡಬಹುದು. 5 ಸೆಂಟಿಮೀಟರ್ ದಾಟಿದ್ದು, ಬೆಳೆಯುತ್ತಲೇ ಇರುವುದು, ಹೊಸದಾಗಿ ನೋಯತೊಡಗಿದ್ದು, ತೆಗೆದ ಜಾಗದಲ್ಲೇ ಮತ್ತೆ ಬಂದದ್ದು, ಸ್ನಾಯುವಿನ ಪೊರೆಗಿಂತ ಕೆಳಗಿರುವುದು: ಇವುಗಳಲ್ಲಿ ಯಾವ ಒಂದಿದ್ದರೂ ತಡಮಾಡದೆ ತೋರಿಸಿ. ಆಳ ಗೊತ್ತಾಗಲು ಆ ಜಾಗದ ಸ್ನಾಯುವನ್ನು ಬಿಗಿ ಮಾಡಿ ನೋಡಿ. ಗಂಟು ಅಲುಗಾಡದೆ ನಿಂತರೆ ಅಥವಾ ಒಳಗೆ ಮರೆಯಾದರೆ ಅದು ಆಳದ್ದಿರಬಹುದು. ಮೊದಲು ಅಲ್ಟ್ರಾಸೌಂಡ್ ಸಾಕು, ಅದರಲ್ಲಿ ಅನುಮಾನ ಬಂದರೆ ಎಂಆರ್‌ಐ. ಮತ್ತೆ, ತೆಗೆಸಿದ ಗಂಟು ಎಷ್ಟೇ ಚಿಕ್ಕದಿರಲಿ, ಎಷ್ಟೇ ಮಾಮೂಲಿ ಅನ್ನಿಸಲಿ, ಅದನ್ನು ಬಯಾಪ್ಸಿಗೆ ಕಳಿಸಿದ್ದಾರಾ ಅಂತ ಕೇಳಿ, ರಿಪೋರ್ಟ್ ಕೈಗೆ ಬರುವವರೆಗೂ ವಿಚಾರಿಸುತ್ತಿರಿ.